ಒಗೆಯುವ ಕೋಣೆಯ ಅಕ್ಕ

ನಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಅಕ್ಕನಿಗೆ ಯೇಸುವಿನ ಜೊತೆ ಮಾತಾಡಲು ಭಾನುವಾರವೂ ಬೇಡ, ಚರ್ಚಿನ ಬೆಂಚೂ ಬೇಡ. ವಾರ್ಡುಗಳಿಂದ ಇಳಿದು ಬರುವ ಒಂದೊಂದು ಹಾಸುಬಟ್ಟೆಯನ್ನೂ ಬೆಳಕಿಗೆ ಹಿಡಿದು, "ಅಪ್ಪಾ, ನೋಡಿಲ್ಲಿ, ಎಷ್ಟು ರಕ್ತ ಹೋಗಿದೆ. ಯಾರ ಮಗನೋ ಏನೋ, ಸ್ವಲ್ಪ ನೋಡ್ಕೋ" ಎನ್ನುತ್ತಾಳೆ. ಸೋಪಿನ ಪುಡಿ ಮುಗಿದರೂ ಅವನಿಗೇ ವರದಿ, ಸೊಂಟ ಹಿಡಿದರೂ ಅವನಿಗೇ ಬೈಗುಳ. "ದೇವರಿಗೂ ಒಂದು ಗಳಿಗೆ ಬಿಡುವು ಕೊಡಕ್ಕ" ಎಂದು ನಾವು ನಕ್ಕರೆ, "ಮನೆಯವರ ಜೊತೆ ಮಾತಾಡೋಕೆ ಹೊತ್ತು ಗೊತ್ತು ನೋಡ್ತಾರಾ?" ಎಂದು ಅವಳೂ ನಗುತ್ತಾಳೆ. ಹೋದ ವರ್ಷ ಅವಳ ಒಬ್ಬಳೇ ಮಗಳು ಮೇಲಿನ ವಾರ್ಡಿನಲ್ಲಿ ಹೆರಿಗೆಯ ಹೊತ್ತಿಗೆ ತೀರಿಕೊಂಡಳು. ಮಣ್ಣು ಮಾಡಿದ ಮರುದಿನವೇ ಅಕ್ಕ ಕೆಲಸಕ್ಕೆ ಬಂದಳು. ಮಗಳಿಗೆಂದು ತಾನೇ ಮನೆಯಿಂದ ತಂದು ಹಾಸಿದ್ದ ಬಟ್ಟೆ, ವಾರ್ಡಿನಿಂದ ಬಂದ ಗಂಟಿನಲ್ಲಿ ಇನ್ನೂ ಒಗೆಯದೆ ಬಿದ್ದಿತ್ತು. "ಬಿಡಕ್ಕ, ನಾವು ಒಗೀತೀವಿ" ಎಂದರೂ ಕೊಡಲಿಲ್ಲ. ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು ತೊಟ್ಟಿಯ ಪಕ್ಕಕ್ಕೆ ಇಟ್ಟಳು. "ಅಪ್ಪಾ, ಇವತ್ತು ನಿನ್ ಜೊತೆ ಮಾತಿಲ್ಲ" ಎಂದಳು, ಆ ಖಾಲಿ ಸ್ಟೂಲಿನ ಕಡೆ ನೋಡದೆ. "ಆದ್ರೆ ಎದ್ದು ಹೋಗ್ಬೇಡ. ನಾನು ಒಗೆದು ಮುಗಿಸೋವರೆಗೂ ಇಲ್ಲೇ ಕೂತಿರು."