ಉಂಟು ಎಂಬ ಷರಾ

ತೋಡಾರಿನ ರಸ್ತೆ ಬದಿಯ ಆ ಸಣ್ಣ ಕಾರ್ಖಾನೆಯಲ್ಲಿ ಕುಸುಮಳಿಗೆ ಎರಡು ಹೆಸರು. ಹಾಜರಿ ಪುಸ್ತಕದಲ್ಲಿ ಕುಸುಮ, ಬೆನ್ನ ಹಿಂದೆ ಉಂಟಕ್ಕ. ಹಾಗೆ ಕರೆಯುವವರ ಬಾಯಲ್ಲಿ ಸ್ವಲ್ಪ ಗೇಲಿ, ಸ್ವಲ್ಪ ಅಂಜಿಕೆ.

ಅಲ್ಲಿ ತಯಾರಾಗುವುದು ಬಾವಿ ಪಂಪಿನ ಪೆಟ್ಟಿಗೆ. ಬಾವಿಯಲ್ಲಿ ನೀರು ಇಳಿದರೆ ಪಂಪನ್ನು ಅದೇ ನಿಲ್ಲಿಸುತ್ತದೆ, ಏರಿದರೆ ಅದೇ ಹೊರಡಿಸುತ್ತದೆ. ಪೆಟ್ಟಿಗೆಯೊಳಗಿನ ಹಸಿರು ಬೋರ್ಡನ್ನು ಕಂಪ್ಯೂಟರಿನಲ್ಲಿ ಬಿಡಿಸುವವನು ತರುಣ್ ಎಂಬ ಇಂಜಿನಿಯರ್. ಆದರೆ ಅವನು ಕೈ ಹಚ್ಚುವ ಮೊದಲು ಪ್ರತಿ ಬಿಡಿಭಾಗಕ್ಕೂ ಒಂದು ನಕ್ಷೆ ಬೇಕು. ಅದರ ಕಾಲುಗಳು ಬೋರ್ಡಿನ ಮೇಲೆ ಎಲ್ಲಿ ಊರುತ್ತವೆ, ತೂತು ಎಷ್ಟು ಅಗಲ, ನಡುವೆ ಎಷ್ಟು ಜಾಗ ಬಿಡಬೇಕು ಎಂದು ಹೇಳುವ ನಕ್ಷೆ. ಅಂಥ ಆರುನೂರ ಹನ್ನೆರಡನ್ನು ಬಿಡಿಸಿ, ಹೆಸರಿಟ್ಟು, ವಿಂಗಡಿಸಿ ಜೋಡಿಸಿದವಳು ಕುಸುಮ. ಕಾರ್ಖಾನೆಯವರು ಅದನ್ನು ಲೈಬ್ರರಿ ಅನ್ನುತ್ತಿದ್ದರು. ಪುಸ್ತಕವಿಲ್ಲದ ಲೈಬ್ರರಿಗೆ ಇಷ್ಟು ಗತ್ತು ಯಾಕೆಂದು ಹೊಸಬರು ನಗುತ್ತಿದ್ದರು, ಒಂದು ವಾರದ ಮಟ್ಟಿಗೆ.

ಈ ಕೆಲಸದ ಗುಟ್ಟನ್ನು ಅವಳು ಕಲಿತದ್ದು ಪಾಲಿಟೆಕ್ನಿಕ್ಕಿನಲ್ಲಲ್ಲ, ಬಂಟ್ವಾಳದ ಮನೆಯ ಜಗಲಿಯಲ್ಲಿ. ತಾಯಿ ಸೇಸಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವಳು. ಎಲೆಯ ಮೇಲೆ ಅಳತೆಯ ತಗಡು ಇಟ್ಟೇ ಕತ್ತರಿಸಬೇಕು. ಕಣ್ಣಳತೆ ಸಾಕೆಂದು ಚಿಕ್ಕ ಕುಸುಮ ತಗಡು ಬಿಟ್ಟು ಕತ್ತರಿಸಿದಾಗ ಬೀಡಿ ಕೊಳ್ಳುವ ಬ್ರಾಂಚಿನವರು ಆ ದಿನದ ಬೀಡಿಯನ್ನು ಹಾಗೆಯೇ ವಾಪಸು ಮಾಡಿದರು. ಸೇಸಮ್ಮ ಬೈಯಲಿಲ್ಲ. "ಕಣ್ಣು ಸುಳ್ಳು ಹೇಳ್ತದೆ ಮಗಾ, ತಗಡು ಹೇಳುವುದಿಲ್ಲ" ಎಂದಳು, ಅಷ್ಟೆ. ಪೆಟ್ಟಾದರೂ ಮರೆತುಹೋಗುತ್ತಿತ್ತು, ಈ ಮಾತು ಮರೆಯಲಿಲ್ಲ.

ಹಾಗಾಗಿ ಕುಸುಮ ಪ್ರತಿ ನಕ್ಷೆಯನ್ನೂ ಅದರ ನಿಜ ಅಳತೆಯಲ್ಲಿ ಕಾಗದಕ್ಕೆ ಪ್ರಿಂಟ್ ತೆಗೆಯುವಳು. ಭಾಗವನ್ನು ಅದರ ಮೇಲೆ ಕೂರಿಸುವಳು. ಕಾಲುಗಳು ಚುಕ್ಕಿಗೆ ಬಿದ್ದವೇ ನೋಡಿ, ನಡುವಿನ ಜಾಗ ಅಳೆದು, ಆಮೇಲೆಯೇ ಷರಾ ಅಂಕಣದಲ್ಲಿ ಒಂದು ಶಬ್ದ ಬರೆಯುವಳು: ಉಂಟು. ಪಕ್ಕದಲ್ಲಿ ತಾರೀಕು. ಉಂಟು ಇಲ್ಲದ ಭಾಗವನ್ನು ತರುಣ್ ಮುಟ್ಟುವಂತಿಲ್ಲ. ಮಾಲೀಕ ಉಮ್ಮರ್ ಅವಸರ ಮಾಡಿದರೂ ಅವಳು ಜಗ್ಗುವವಳಲ್ಲ.

ಮೇ ಕೊನೆಯ ಒಂದು ಬೆಳಿಗ್ಗೆ ಅವಳು ಲೈಬ್ರರಿಯಲ್ಲಿ ಎರಡೆರಡು ಸಲ ಸೇರಿದ್ದ ನಕ್ಷೆಗಳನ್ನು ಅಳಿಸುತ್ತ ಕುಳಿತಿದ್ದಳು. ಒಂದು ಸಾಲಿನಲ್ಲಿ ಉಂಟು ಇತ್ತು, ತಾರೀಕು ಇರಲಿಲ್ಲ.

ಅದು ಆಪ್ಟೋ ಎಂಬ ಕಪ್ಪು ಭಾಗ, ಕಡಲೆ ಬೀಜದಷ್ಟು ದೊಡ್ಡದು. ಅದರ ಒಂದು ಬದಿಗೆ ಮನೆಯ ಲೈನು, ಇನ್ನೊಂದು ಬದಿಗೆ ಬಾವಿಗಿಳಿಯುವ ಸಪೂರ ವಯರು. ಈಚಿನ ಕರೆಂಟು ಆಚೆ ದಾಟದಂತೆ ಅಡ್ಡ ನಿಲ್ಲುವುದೇ ಅದರ ಕೆಲಸ. ಕುಸುಮಳಿಗೆ ಇದನ್ನು ಅಳೆದ ನೆನಪಿರಲಿಲ್ಲ. ತರುಣ್‌ನನ್ನು ಕೇಳಿದಳು.

"ನೀವೇ ಹೇಳಿದ್ದಲ್ವಾ ಅಕ್ಕ, ಫೋನಲ್ಲಿ. ಹೊಸ ಆಪ್ಟೋ ಉಂಟಾ ಅಂತ ನಾನು ಕೇಳಿದೆ. ಉಂಟು, ಉಂಟು ಅಂದ್ರಿ."

ಹೇಳಿದ್ದು ಹೌದು. ಏಪ್ರಿಲಿನಲ್ಲಿ, ಸಿದ್ದಕಟ್ಟೆ ದಾಟಿದ ಬಸ್ಸಿನಲ್ಲಿ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು, ಕಿವಿಯ ಹತ್ತಿರ ಕಂಡಕ್ಟರಿನ ಬೊಬ್ಬೆ. ಮೂರನೇ ಡ್ರಾಯರಿನಲ್ಲಿ ಭಾಗ ಉಂಟು ಎಂಬ ಅರ್ಥದಲ್ಲಿ ಅವಳು ಹೇಳಿದ್ದಳು. ಅಳೆದು ಆಗಿದೆ ಎಂದು ಅವನು ತಿಳಿದ. ಇಂಟರ್‌ನೆಟ್ಟಿನಿಂದ ಯಾರೋ ಬಿಡಿಸಿದ ನಕ್ಷೆ ಇಳಿಸಿಕೊಂಡು ಅದರ ಎದುರು ಅವಳ ಶಬ್ದವನ್ನು ಬರೆದಿಟ್ಟಿದ್ದ. ಯಾರನ್ನು ಬೈಯುವುದು? ಉಂಟು ಅಂದರೆ ಉಂಟು, ಊರಿಗೆಲ್ಲ ಒಂದೇ ಶಬ್ದ.

ಕುಸುಮ ಪ್ರಿಂಟ್ ತೆಗೆದು ಆಪ್ಟೋವನ್ನು ಕೂರಿಸಿದಳು. ಕಾಲುಗಳೆಲ್ಲ ಚುಕ್ಕಿಗೆ ಸರಿಯಾಗಿ ಬಿದ್ದವು. ಹೋದ ಜೀವ ಬಂದಂತಾಯಿತು. ಆಮೇಲೆ ನಡುವೆ ಅಳೆದಳು. ಎರಡು ಸಾಲು ಕಾಲುಗಳ ನಡುವೆ ಎಂಟು ಮಿಲಿಮೀಟರ್ ಬರಿ ಬೋರ್ಡು ಇರಬೇಕು. ಆ ನಕ್ಷೆ ಬಿಡಿಸಿದ ಪುಣ್ಯಾತ್ಮ ಅಲ್ಲೊಂದು ತಾಮ್ರದ ಪಟ್ಟಿ ಎಳೆದಿದ್ದ, ಚಂದಕ್ಕೋ ಏನೋ. ಉಳಿದದ್ದು ಒಂದೂವರೆ.

ಮೇಜಿನ ಮೇಲೆ ಪೆಟ್ಟಿಗೆ ಪರೀಕ್ಷೆಯಲ್ಲಿ ಪಾಸಾಗಿತ್ತು. ಒಣ ಕೋಣೆಯಲ್ಲಿ ಯಾಕೆ ಪಾಸಾಗಬಾರದು? ಸುಟ್ಟುಹೋಗುವ ತಪ್ಪಿಗೆ ಕುಸುಮ ಯಾವತ್ತೂ ಹೆದರಿದವಳಲ್ಲ, ಅದು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಇದು ಚೆನ್ನಾಗಿ ಓಡುತ್ತಲೇ ಇರುವ ತಪ್ಪು. ಗಾಳಿಯಲ್ಲಿ ತೇವ ಏರಿದ ದಿನ ಕರೆಂಟು ಆ ಒಂದೂವರೆ ಮಿಲಿಮೀಟರನ್ನು ದಾಟಿ ವಯರಿಗೆ, ವಯರು ಕಟ್ಟಿದ ಕಬ್ಬಿಣದ ಪೈಪಿಗೆ, ಪೈಪಿನ ತುದಿಯ ನಲ್ಲಿಗೆ ಬರುತ್ತದೆ.

ಆ ನಕ್ಷೆಯ ಬೋರ್ಡು ಹಾಕಿದ್ದು ಇಪ್ಪತ್ತನಾಲ್ಕು ಪೆಟ್ಟಿಗೆಗೆ. ಇಪ್ಪತ್ತಮೂರು ಶೆಲ್ಫಿನಲ್ಲೇ ಇತ್ತು. ಇಪ್ಪತ್ತನಾಲ್ಕನೆಯದು ಪರೀಕ್ಷೆಗೆಂದು ಚಾರ್ಮಾಡಿಗೆ ಹೋಗಿತ್ತು, ಅವಳ ತಂಗಿ ಹರ್ಷಿತಾಳ ಮನೆಗೆ. ಕೊಂಡುಹೋಗಿ ಕೊಟ್ಟವಳು ಕುಸುಮಳೇ.

ಫೋನು ಮಾಡಿದಳು. ತಂಗಿಯದ್ದು ವ್ಯಾಪ್ತಿ ಪ್ರದೇಶದ ಹೊರಗೆ, ತಂಗಿಯ ಗಂಡ ವಸಂತನದ್ದೂ ಹೊರಗೆ. ಘಟ್ಟದ ಬುಡದ ಆ ಊರಿನಲ್ಲಿ ಗಾಳಿ ಎದ್ದರೆ ಟವರ್ ಸತ್ತ ಹಾಗೆ. ಗಾಳಿ ಎದ್ದಿದೆ ಎಂದರೆ ಮಳೆ ಹತ್ತಿರ.

ಉಮ್ಮರ್‌ಗೆ ಹೇಳುವಾಗ ಕೆಲಸ ಹೋಗುವ ಹೆದರಿಕೆ ಅವಳಿಗೆ ಇರಲೇ ಇಲ್ಲ, ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಅವರು ಪೂರ್ತಿ ಕೇಳಿಸಿಕೊಂಡು ಕಾರಿನ ಕೀ ತೆಗೆದುಕೊಂಡರು. "ಮೊದಲು ಹೋಗುವ. ಉಳಿದದ್ದು ಮತ್ತೆ ಮಾತಾಡುವ."

ವೇಣೂರು ದಾಟಿತು. ಬೆಳ್ತಂಗಡಿಯಲ್ಲಿ ಲಾರಿಯ ಹಿಂದೆ ಹತ್ತು ನಿಮಿಷ ಸಿಕ್ಕಿಬಿದ್ದರು. ಹರಕೆ ಹೇಳಿಕೊಳ್ಳಬೇಕೆಂದು ಅವಳಿಗೆ ಎರಡು ಸಲ ಅನ್ನಿಸಿತು, ಆದರೆ ಬಾಯಿ ಬರಲಿಲ್ಲ. ಹೇಳಿಕೊಂಡರೆ ಏನೋ ಆಗಿದೆಯೆಂದು ತಾನೇ ಒಪ್ಪಿದ ಹಾಗೆ. ಉಮ್ಮರ್‌ರ ತುಟಿ ಮಾತ್ರ ಸದ್ದಿಲ್ಲದೆ ಅಲ್ಲಾಡುತ್ತಿತ್ತು. ಉಜಿರೆ ಕಳೆಯುವಾಗ ಘಟ್ಟದ ಮೇಲೆ ಮೋಡ ಕಪ್ಪಾಗಿತ್ತು. ಮುಂಡಾಜೆಯಲ್ಲಿ ಗಾಜಿನ ಮೇಲೆ ಮೊದಲ ಹನಿ ಬಿತ್ತು. ಕುಸುಮ ಅದನ್ನು ಸೆರಗಿನಿಂದ ಒರೆಸಲು ಹೋದಳು. ಹನಿ ಹೊರಗಿತ್ತು, ಅವಳು ಒಳಗಿದ್ದಳು.

ಅಂಗಳದಲ್ಲಿ ಕಾರು ನಿಲ್ಲುವ ಮೊದಲೇ ಇಳಿದು ಓಡಿದಳು. ಹಲಸಿನ ಹಪ್ಪಳದ ಚಾಪೆ ಒಳಗೆಳೆಯುತ್ತಿದ್ದ ಹರ್ಷಿತಾ "ಇದೆಂಥ ಅಕ್ಕ" ಎನ್ನುವಷ್ಟರಲ್ಲಿ ಕುಸುಮ ಜಗಲಿ ಹತ್ತಿ ಮೈನ್ ಸ್ವಿಚ್ಚನ್ನು ಕೆಳಗೆ ತಳ್ಳಿದ್ದಳು. ಆಮೇಲೆ ತಂಗಿಯ ಎರಡೂ ಕೈ ಹಿಡಿದಳು. ಬೆಚ್ಚಗಿದ್ದವು.

ಹರ್ಷಿತಾಳ ಮಾವ ಕುಶಾಲಪ್ಪ ಕುರ್ಚಿಯಿಂದಲೇ ಎಲ್ಲವನ್ನೂ ಕೇಳಿಸಿಕೊಂಡರು. ಬಾವಿಕಟ್ಟೆಯ ನಲ್ಲಿಯನ್ನು ಯಾರೂ ಮುಟ್ಟಬಾರದು ಎಂದು ಕುಸುಮ ಹೇಳಿದಾಗ ತಮ್ಮ ಬೆರಳುಗಳನ್ನು ತಿರುಗಿಸಿ ನೋಡಿಕೊಂಡರು.

"ಹಾಗಾದ್ರೆ ಆ ಜುಂ ಅನ್ನುವುದು ನಲ್ಲಿಯದ್ದಾ? ಮೂರು ದಿನದಿಂದ ಉಂಟು. ನಾನು ಅದು ನನ್ನ ನರದ್ದು ಅಂತ ಗ್ರಹಿಸಿ ಡಾಕ್ಟರಿಗೆ ತೋರಿಸಿ ಬಂದೆ. ಅವರು ಮಾತ್ರೆ ಕೊಟ್ಟಿದ್ದಾರೆ."



ಅಷ್ಟರಲ್ಲಿ ಉಮ್ಮರ್‌ರ ಫೋನು ಬಡಿಯಿತು. ಅವರದ್ದು ಬೇರೆ ಕಂಪೆನಿಯ ಸಿಮ್ಮು, ಅಂಗಳದ ಮೂಲೆಯಲ್ಲಿ ಹೇಗೋ ರೇಂಜ್ ಸಿಕ್ಕಿತ್ತು. ತೋಡಾರಿನಿಂದ ತರುಣ್. ಉಮ್ಮರ್ ಫೋನನ್ನು ಕುಸುಮಳ ಕಿವಿಗೆ ಹಿಡಿದರು.

"ಅಕ್ಕ, ಎಲ್ಲರದ್ದೂ ಜೀವ ಉಂಟಾ?" ಹುಡುಗನ ಧ್ವನಿ ಒಡೆದಿತ್ತು.

ಅವಳು ಬಾಯಿ ತೆರೆದಳು. ಶಬ್ದ ನಾಲಗೆಯ ತುದಿಯಲ್ಲೇ ಇತ್ತು. "ವಸಂತ ಎಲ್ಲಿ?" ಎಂದಳು ತಂಗಿಯ ಕಡೆ ತಿರುಗಿ.

"ಅವರಾ? ತೋಟದಿಂದ ಬಂದು ಆಗಲೇ ಸ್ನಾನಕ್ಕೆ ಹೋದರು. ಬಾವಿ ಹತ್ತಿರದ ಬಚ್ಚಲಿಗೆ."

ಅಲ್ಲಿಯ ನಲ್ಲಿಯೂ ಅದೇ ಪೈಪಿನದ್ದು. ಕುಸುಮ ಓಡಿದಳು. ಬಚ್ಚಲಿನ ತಗಡಿನ ಬಾಗಿಲು ಒಳಗಿನಿಂದ ಹಾಕಿತ್ತು. ಬಡಿದಳು. ನೀರಿನ ಸದ್ದಿಲ್ಲ, ಮನುಷ್ಯನ ಸದ್ದಿಲ್ಲ. ಇನ್ನೊಮ್ಮೆ ಎರಡೂ ಕೈಯಿಂದ ಬಡಿದಳು. ಒಳಗೆ ಬಕೆಟು ಉರುಳಿತು. ಬಾಗಿಲು ತೆರೆದಾಗ ಸೊಂಟಕ್ಕೆ ಬೈರಾಸು, ತಲೆ ತುಂಬ ಸಾಬೂನು, ಕಣ್ಣು ಮುಚ್ಚಿಕೊಂಡು ವಸಂತ ನಿಂತಿದ್ದ.

"ನಲ್ಲಿ ತಿರುಗಿಸುವ ಅಂತ ಕೈ ಚಾಚಿದ್ದು, ಅಷ್ಟರಲ್ಲಿ ಲೈಟು ಹೋಯ್ತು. ಕತ್ತಲಲ್ಲಿ ನಲ್ಲಿಯೇ ಸಿಗುವುದಿಲ್ಲ. ಅತ್ತಿಗೆ, ನೀವು ಯಾವಾಗ ಬಂದದ್ದು?"

ಅವಳು ಅವನ ಒದ್ದೆ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಹಿಂದೆಯೇ ಬಂದಿದ್ದ ಉಮ್ಮರ್ ಫೋನನ್ನು ಚಾಚಿದರು. ಆ ತುದಿಯಲ್ಲಿ ತರುಣ್ ಇನ್ನೂ ಕಾಯುತ್ತಿದ್ದ.

"ಉಂಟು" ಎಂದಳು ಕುಸುಮ. "ತಾರೀಕು ಬರ್ಕೋ."