ಮೈಕ್ ಬಂದ್ ಇದ್ದಾಗ ಆಡಿದ ಮಾತು

ಬನಹಟ್ಟಿಯ ಬನಶಂಕರಿ ಮಾತಾಡಿದರೆ ಮೂರು ಮನೆಯಾಚೆಗೂ ಕೇಳುತ್ತಿತ್ತು. ಜಗಳಗಂಟಿ ಎಂದುಕೊಂಡವರೇ ಹೆಚ್ಚು. ಪಾಪ, ಅವಳೇನು ಬೇಕಂತಲೇ ಕೂಗುತ್ತಿದ್ದಳೇ? ಹದಿನಾರನೇ ವಯಸ್ಸಿಗೆ ಗೂಳಪ್ಪನವರ ಪವರ್‌ಲೂಮ್ ಶೆಡ್ಡಿಗೆ ಸೇರಿದವಳು, ಇಪ್ಪತ್ತು ವರ್ಷ ಆ ಗದ್ದಲದಲ್ಲೇ ನೂಲಿನ ಕಂಡಿಕೆ ಸುತ್ತಿದಳು. ಕಿವಿ ಅರ್ಧ ಹೋಯಿತು. ಕಿವಿಯ ಕೆಲಸವನ್ನು ಕಣ್ಣು ಕಲಿತುಕೊಂಡಿತು. ಶೆಡ್ಡಿನ ಹೆಂಗಸರೆಲ್ಲ ಹಾಗೆಯೇ: ಆ ತುದಿಯಲ್ಲಿ ಒಬ್ಬಳು ತುಟಿ ಆಡಿಸಿದರೆ ಸಾಕು, ಈ ತುದಿಯಲ್ಲಿ ಇನ್ನೊಬ್ಬಳು ಬಿದ್ದು ಬಿದ್ದು ನಗುತ್ತಾಳೆ. ಮಾಲೀಕನನ್ನು ಅವನೆದುರಿಗೇ ಬೈಯಲು ಇದಕ್ಕಿಂತ ಒಳ್ಳೆಯ ವಿದ್ಯೆ ಯಾವುದಿದೆ ಹೇಳಿ!

ಅವಳಿಗೆ ಒಬ್ಬಳೇ ಮಗಳು, ಶ್ರೀದೇವಿ. ಆರನೇ ತರಗತಿಯಲ್ಲಿದ್ದಾಗ ಹುಡುಗಿಗೆ ಶಾಲೆಯಲ್ಲೇ ಮೂರು ಸಲ ಫಿಟ್ಸ್ ಬಂತು. ಪಕ್ಕದಲ್ಲಿ ಕೂಡುತ್ತಿದ್ದ ಗೆಳತಿಯರು ಜಾಗ ಬದಲಿಸಿದರು. ಬನಶಂಕರಿ ಸಿಟ್ಟಿನಿಂದ ಶಾಲೆ ಬಿಡಿಸಿ ಮನೆಯಲ್ಲೇ ಓದಲು ಕೂಡಿಸಿದಳು. ಗುಳಿಗೆಯಿಂದ ಬೇನೆ ಹಿಡಿತಕ್ಕೆ ಬಂದು ಎರಡು ವರ್ಷವಾದರೂ ಹುಡುಗಿ ಹೊಸ್ತಿಲು ದಾಟಿ ಎಲ್ಲಿಗೂ ಹೋಗುತ್ತೇನೆ ಅನ್ನಲಿಲ್ಲ.

ಮನೆಯಲ್ಲೇ ಓದುವ ಇಂಥ ಏಳೆಂಟು ಮಕ್ಕಳನ್ನು ಕೂಡಿಸಿಕೊಂಡು ಜಮಖಂಡಿಯ ನಿವೃತ್ತ ಮಾಸ್ತರ ಪರಮಾನಂದ ರವಿವಾರಕ್ಕೊಮ್ಮೆ ಸ್ಕೈಪಿನಲ್ಲಿ ಚರ್ಚಾಸ್ಪರ್ಧೆಯ ತಾಲೀಮು ಮಾಡಿಸುತ್ತಿದ್ದರು. ಅಲ್ಲಿ ಶ್ರೀದೇವಿಯ ಬೇನೆ ಮಾಸ್ತರರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಅವಳು ಬರೀ ಮಾತುಗಾರ್ತಿ. ಅಬ್ಬಾ, ಎಂಥ ಮಾತು! ವರ್ಷದೊಳಗೆ ಎದುರಿನವರು ಅವಳ ಹೆಸರು ಕೇಳಿದರೇ ಹೆದರುವಂತಾದರು.

ಒಮ್ಮೆ ಎದುರು ತಂಡದ ಮುಧೋಳದ ಅಕ್ಕ-ತಮ್ಮ ಮೈಕ್ ಬಂದ್ ಮಾಡಿಕೊಂಡು ತಮ್ಮತಮ್ಮಲ್ಲೇ ಪಿಸುಗುಟ್ಟುತ್ತಿದ್ದಾಗ ಮಗಳ ಪಕ್ಕ ಕೂತಿದ್ದ ಬನಶಂಕರಿ ಪರದೆಯ ಮೇಲೆ ತುಟಿ ನೋಡಿಯೇ ಅಷ್ಟನ್ನೂ ಮಗಳಿಗೆ ಒಪ್ಪಿಸಿದಳು. ಶ್ರೀದೇವಿ ಉರಿದುಬಿದ್ದಳು.

"ಕದ್ದ ಮಾತಿಂದ ಗೆದ್ದರ ಅದೇನ ಗೆದ್ದಂಗೇನಬೇ? ಇನ್ನ ಮ್ಯಾಲ ಮೈಕ್ ಬಂದ್ ಆತಂದ್ರ ಅವರ ಮಾರಿ ನೋಡಬ್ಯಾಡ. ಆಣಿ ಮಾಡು."

ಬನಶಂಕರಿ ಆಣೆ ಮಾಡಿದಳು.

ಎರಡು ಸಾವಿರದ ಹದಿನಾಲ್ಕರಲ್ಲಿ ಧಾರವಾಡದ ಚರ್ಚಾಸ್ಪರ್ಧೆಯೊಂದಕ್ಕೆ ಕರೆ ಬಂತು. ಸ್ಕೈಪ್ ಅಲ್ಲ, ನಿಜವಾದ ವೇದಿಕೆ, ಎದುರಿಗೆ ಜನ. ಮಾಸ್ತರರ ಗುಂಪಿನಿಂದ ಒಬ್ಬರಿಗಷ್ಟೇ ಅವಕಾಶ. "ಯವ್ವಾ, ನಾ ಹೋಗತೇನಿ" ಎಂದಳು ಶ್ರೀದೇವಿ. ಆ ಒಂದು ಮಾತಿಗಾಗಿ ಬನಶಂಕರಿ ಎಷ್ಟು ದೇವರಿಗೆ ಹರಕೆ ಹೊತ್ತಿದ್ದಳೋ! ಅಡುಗೆಮನೆಗೆ ಹೋಗಿ ಅತ್ತು ಬಂದಳು.

ಆಯ್ಕೆಯ ದಿನ ಶ್ರೀದೇವಿಯ ಎದುರಿಗೆ ಬೀಳಗಿಯ ವೈಶಾಲಿ. ಅಣೆಕಟ್ಟಿನ ನೀರಿಗೆ ಮನೆ-ಹೊಲ ಮುಳುಗಡೆಯಾದವರಿಗೆ ದುಡ್ಡು ಕೊಡಬೇಕೋ ಭೂಮಿ ಕೊಡಬೇಕೋ ಎಂಬುದು ವಿಷಯ. ಇಬ್ಬರೂ ಬಿಟ್ಟುಕೊಡಲಿಲ್ಲ. ಕಡೆಗೆ ಮಾಸ್ತರರು ತೀರ್ಪಿಗೆಂದು ಕರೆಸಿ ಪಕ್ಕದಲ್ಲಿ ಕೂಡಿಸಿಕೊಂಡಿದ್ದ ಮೇಡಂ ಜೊತೆ ಮಾತಾಡಲು ಮೈಕ್ ಬಂದ್ ಮಾಡಿದರು. ಶ್ರೀದೇವಿ ತಲೆ ತಗ್ಗಿಸಿ ನೋಟುಬುಕ್ಕಿನಲ್ಲಿ ಏನೋ ಗೀಚುತ್ತಿದ್ದಳು.

ತಾಯಿಯ ಜೀವ ಕೇಳಬೇಕಲ್ಲ! ಬನಶಂಕರಿ ನೋಡಿಯೇಬಿಟ್ಟಳು.

"ಮಾತಿನ್ಯಾಗ ಶ್ರೀದೇವೀನ ಮ್ಯಾಲ," ಎಂದವು ಮಾಸ್ತರರ ತುಟಿಗಳು. "ಆದ್ರ ಫಿಟ್ಸಿನ ಹುಡುಗಿ ರೀ. ವೇದಿಕಿ ಮ್ಯಾಲ ಬಿದ್ದಗಿದ್ದಳಂದ್ರ ಹೊಣಿ ಯಾರದು? ವೈಶಾಲೀನ್ನ ಕಳಸೂಣು."

ಮಾಸ್ತರರು ಮೈಕ್ ಚಾಲೂ ಮಾಡಿದರು. "ಇಬ್ಬರೂ ಛಲೋ ಮಾತಾಡಿದ್ರಿ. ಶ್ರೀದೇವಿ, ನಿನ್ನ ಎರಡನೇ ವಾದ ಒಂಚೂರು ಸಡ್ಲಾತವಾ. ವೈಶಾಲಿ ಹೋಗಲಿ."

ಶ್ರೀದೇವಿ ಅಳಲಿಲ್ಲ. ಪೆನ್ನು ಹಿಡಿದೇ ಕೇಳಿದಳು: "ಎಲ್ಲಿ ಸಡ್ಲಾತ್ರಿ ಸರ್? ಹೇಳ್ರಿ, ತಿದ್ದಕೋತೇನಿ."

ನೋಟುಬುಕ್ಕಿನ ಹಾಳೆ ಹಿಂದಕ್ಕೆ ತಿರುವಿದಳು. ಇಲ್ಲದ ತಪ್ಪನ್ನು ಹುಡುಕುತ್ತ ಕೂತ ಮಗಳನ್ನು ನೋಡಿ ಬನಶಂಕರಿಗೆ ತಡೆಯಲಾಗಲಿಲ್ಲ. ಆಣೆ ಗೀಣೆ ಎಲ್ಲ ಮರೆತು ಲ್ಯಾಪ್‌ಟಾಪಿಗೆ ಅಡ್ಡ ಬಂದಳು.

"ಸುಳ್ಳ ಹೇಳಬ್ಯಾಡ್ರಿ ಮಾಸ್ತರ! ನಿಮ್ಮ ಬಾಯಿ ನೋಡೇನಿ ನಾ. ಫಿಟ್ಸಿನ ಹುಡುಗಿ, ಬಿದ್ದರ ಹೊಣಿ ಯಾರದು ಅಂದ್ರೋ ಇಲ್ಲೋ? ಎರಡ ವರ್ಷ ಆತ್ರಿ, ನನ್ನ ಮಗಳು ಒಮ್ಮೆರೆ ಬಿದ್ದಿಲ್ಲ!"

ಪರಮಾನಂದ ಮಾಸ್ತರರ ಮುಖ ಕಪ್ಪಿಟ್ಟಿತು. ಕೈ ಮುಗಿದರು. "ತಪ್ಪಾತ್ರಿ ತಂಗಿ. ಶ್ರೀದೇವೀನ ಹೋಗಲಿ."

"ನೋಡು, ಗೆದ್ದಿ!" ಎಂದು ಬನಶಂಕರಿ ಮಗಳತ್ತ ತಿರುಗಿದಳು. ಮಗಳು ಪರದೆ ನೋಡುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದ ಅಷ್ಟೂ ಮಕ್ಕಳು ಮಿಕಿಮಿಕಿ ಅವಳನ್ನೇ ನೋಡುತ್ತಿದ್ದರು. ವೈಶಾಲಿ ಪಕ್ಕದಲ್ಲಿದ್ದ ತನ್ನ ತಾಯಿಯ ಕಿವಿಯಲ್ಲಿ ಏನೋ ಹೇಳಿದಳು.

ಶ್ರೀದೇವಿ ಮೆಲ್ಲಗೆ ಲ್ಯಾಪ್‌ಟಾಪ್ ಮುಚ್ಚಿದಳು. ಧಾರವಾಡಕ್ಕೆ ಹೋಗುವುದಿಲ್ಲ ಎಂದಳು. ಬನಶಂಕರಿ ಬೇಡಿಕೊಂಡಳು, ಬೈದಳು, ಕಡೆಗೆ ಯಾಕೆಂದು ಕೇಳಿದಳು.

"ವಾದ ಸಡ್ಲಾಗಿದ್ರ ತಿದ್ದಕೋತಿದ್ನಿ ಯವ್ವಾ," ಎಂದಳು ಮಗಳು. "ಇದನ್ನ ಹೆಂಗ ತಿದ್ದಕೊಳ್ಳಲಿ?"