ಎಡತೋಳು ಸಡಿಲವಾದ ಅಂಗಿ

ನನ್ನ ಅಂಗಿಗಳೆಲ್ಲದರ ಎಡತೋಳು ಬಲತೋಳಿಗಿಂತ ಎರಡು ಬೆರಳು ಸಡಿಲ. ಪುಣೆಯ ಕಸಬಾ ಪೇಠೆಯ ನಮ್ಮ ಸಿಂಪಿಗ ಅಳತೆ ಹಿಡಿದಾಗಲೆಲ್ಲ ನನ್ನ ಮುಖವನ್ನೊಮ್ಮೆ ನೋಡಿ, ಶ್ರೀಮಂತರಿಗಲ್ಲದೆ ಮಾಸ್ತರರಿಗೂ ಇಂಥ ಚಾಳಿ ಇರುತ್ತದೆಯೇ ಎಂಬಂತೆ ತಲೆಯಾಡಿಸಿ, ಹೇಳಿದಂತೆ ಹೊಲಿದುಕೊಡುತ್ತಾನೆ. ಮಿತ್ರರೇ, ಅವನಿಗೆ ಹೇಳದ ಕಾರಣವನ್ನು ನಿಮಗೆ ಹೇಳುತ್ತೇನೆ.

ಪುಣೆಗೆ ಪ್ಲೇಗು ಮರಳಿ ಬಂದ ವರ್ಷ. ನಾವಿದ್ದ ವಾಡೆಯಲ್ಲಿ ಧಾರವಾಡ, ಬೆಳಗಾವಿ ಕಡೆಯ ಏಳು ಸಂಸಾರಗಳು. ಪಕ್ಕದ ಓಣಿಯಲ್ಲಿ ಆಗಲೇ ಇಲಿ ಸತ್ತು ಬಿದ್ದಿದ್ದವು. ಪ್ಲೇಗು ತಡೆಯುವ ಸೂಜಿ ಹಾಕುವ ಡಾಕ್ಟರು ಎರಡು ಸಲ ಬಂದು ಮರಾಠಿಯಲ್ಲಿ ತಿಳಿಹೇಳಿ ಸೋತು, ನಿಮ್ಮವರಿಗೆ ನಿಮ್ಮ ಮಾತಿನಲ್ಲೇ ಹೇಳಿ, ನೋಯುವುದಿಲ್ಲ ಅನ್ನಿ ಎಂದು ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು. ಮಾತಾಡಿಯೇ ಹೊಟ್ಟೆ ಹೊರೆಯುವ ನಾನು ಉಬ್ಬಿಹೋದೆ.

ಗಂಗಜ್ಜಿ ಒಪ್ಪಿದರೆ ಏಳು ಮನೆಯೂ ಒಪ್ಪಿದಂತೆ. ಹಿಂದಿನ ಪ್ಲೇಗಿನಲ್ಲಿ ಸೊಸೆಯನ್ನು ಕಳೆದುಕೊಂಡು, ಆರು ವರ್ಷದ ಮೊಮ್ಮಗಳು ಸುಂದ್ರಿಯನ್ನು ಸೆರಗಿನಿಂದ ದೂರ ಬಿಡದೆ ಸಾಕುತ್ತಿದ್ದ ಮುದುಕಿ. ನಾನು ಅರ್ಧ ತಾಸು ಮಾತಾಡಿದೆ. ವಿಷವನ್ನು ಕೊರಳಲ್ಲೇ ತಡೆದ ನೀಲಕಂಠನನ್ನೂ ಕೈಲಾಸದಿಂದ ಎಳೆದು ತಂದು ಸೂಜಿಯ ಪಕ್ಕದಲ್ಲಿ ನಿಲ್ಲಿಸಿದೆ. ಅಜ್ಜಿ ಮಜ್ಜಿಗೆ ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡರು.

"ಮಾತು ಭಾಳ ಚಲೋ ಆಡತೀರಿ, ಮಾಸ್ತರ. ಎಲ್ಲಿ, ನಿಮ್ಮ ತೋಳು ತೋರಸ್ರಿ."

"ನಾನು ಬರೋ ಸೋಮವಾರ ಹಾಕಿಸ್ಕೋಬೇಕಂತ ಇದ್ದೀನ್ರಿ."

"ಹೌದ್ರಿ. ಹೇಳೋದು ಪುರಾಣ, ತಿನ್ನೋದು ಬದನಿಕಾಯಿ," ಎಂದು ಅಜ್ಜಿ ಮಜ್ಜಿಗೆಯ ತಂಬಿಗೆಯನ್ನು ಒಳಗೊಯ್ದರು.

ನಿಜ ಹೇಳುತ್ತೇನೆ, ಸೂಜಿಯೆಂದರೆ ನನಗೆ ಚಿಕ್ಕಂದಿನಿಂದ ಅಂಜಿಕೆ. ತಾಯ್ನುಡಿ ನನ್ನನ್ನು ಪಡಸಾಲೆಯವರೆಗೆ ಕರೆತಂದು, ಮಣೆ ಹಾಕಿಸಿ, ಮಜ್ಜಿಗೆ ಕುಡಿಸಿತ್ತು. ಅಲ್ಲಿಂದ ಮುಂದಕ್ಕೆ ತೋಳೇ ಬೇಕಿತ್ತು. ನಾಚಿಕೆ ಹೆದರಿಕೆಯನ್ನು ಗೆದ್ದಿತು. ಆ ಮಧ್ಯಾಹ್ನವೇ ಹೋಗಿ ಚುಚ್ಚಿಸಿಕೊಂಡು ಬಂದೆ.

ಮರುದಿನ ಜ್ವರ. ಎಡತೋಳು ಊದಿ ಅಂಗಿಯಲ್ಲಿ ತೂರಲೊಲ್ಲದೆ, ನನ್ನಾಕೆ ಬೈಯುತ್ತಲೇ ಹೊಲಿಗೆ ಬಿಚ್ಚಿಕೊಟ್ಟಳು. ಹಾಗೇ ಶಾಲು ಹೊದ್ದು ಅಜ್ಜಿಯ ಮುಂದೆ ಹೋಗಿ ಕುಳಿತೆ. ನೀಲಕಂಠ ಕೈಲಾಸದಲ್ಲೇ ಉಳಿದ.

"ಭಾಳ ನೋಯ್ತದ್ರಿ, ಅಜ್ಜಿ. ಜ್ವರಾನೂ ಬರ್ತದ. ನೋಯಂಗಿಲ್ಲ ಅನ್ರಿ ಅಂತ ಡಾಕ್ಟರು ಹೇಳಿದ್ರು, ನನಗ ಅನ್ನಲಿಕ್ಕೆ ಆಗವಲ್ದು."

"ಸಾಯಂಗಿಲ್ಲ ಹೌದಲ್ಲ?"

"ಇವತ್ತಿನ ತನಕ ಸತ್ತಿಲ್ರಿ."

ಅಜ್ಜಿ ನಕ್ಕರು. ಊದಿದ ತೋಳನ್ನು ಮೆಲ್ಲಗೆ ಮುಟ್ಟಿ ನೋಡಿದರು.

"ನಮ್ಮ ಸೊಸಿ ಮಲಗಿದಾಗ ಎಲ್ಲಾರೂ ಏನೂ ಆಗಂಗಿಲ್ಲ ಅಂದ್ರು, ಮಾಸ್ತರ. ನೀವೊಬ್ಬರು ನೋಯ್ತದ ಅಂದ್ರಿ. ಏಳ್ರಿ, ಹೋಗೂಣು."

ಏಳು ಮನೆಯೂ ಹೊರಟಿತು. ಸುಂದ್ರಿ ದಾರಿಯುದ್ದಕ್ಕೂ ನನ್ನ ನೋಯದ ಕೈ ಹಿಡಿದು ಅತ್ತಳು. ಆ ವರ್ಷ ನಮ್ಮ ವಾಡೆಯಿಂದ ಒಂದು ಹೆಣವೂ ಹೊರಡಲಿಲ್ಲ. ಅದನ್ನು ನೆನೆದರೆ ಇಂದಿಗೂ ನನ್ನ ಎದೆ ತುಂಬುತ್ತದೆ.

ಅಂದಿನಿಂದ ಸೂಜಿಯವರು ಬಂದಾಗಲೆಲ್ಲ ಸಾಲಿನ ತಲೆಯಲ್ಲಿ ನಾನೇ. ತೋಳು ಊದುತ್ತದೆ, ಅಂಗಿ ಸಡಿಲವೇ ಬೇಕು. ಮೊನ್ನೆ ಸುಂದ್ರಿ ತನ್ನ ಮಗಳನ್ನು ಸೂಜಿ ಹಾಕಿಸಲು ಕರೆತಂದಿದ್ದಳು. ಆ ಕೂಸು ಸೂಜಿಯನ್ನು ನೋಡಿ, ಡಾಕ್ಟರನ್ನು ಬಿಟ್ಟು ನನ್ನ ಕಡೆ ತಿರುಗಿ ಕೇಳಿತು:

"ನೋಯ್ತದೇನ್ರಿ, ಅಜ್ಜಾ?"

"ಭಾಳ ನೋಯ್ತದವ್ವಾ," ಎಂದು ನನ್ನ ಸಡಿಲ ತೋಳನ್ನು ಮೇಲೇರಿಸಿದೆ. ಕೂಸು ತುಟಿ ಕಚ್ಚಿಕೊಂಡು, ನನ್ನ ಪಕ್ಕದಲ್ಲಿ ತನ್ನ ತೋಳನ್ನೂ ಚಾಚಿತು.